ಪುರುಷೋತ್ತಮನ ಜಾಡು

1952ರಲ್ಲಿ ಕುಂದಾಪುರದ ಬಳಿಯ ತ್ರಾಸಿ ಮದರಾಸು ರಾಜ್ಯದ ಊರು, ಚಿಕ್ಕಮಗಳೂರು ಮೈಸೂರು ರಾಜ್ಯದ್ದು. ನಡುವೆ ಘಟ್ಟ. ಕೆಳಗೆ ‘ಹ್ವಾಯ್’ ಎಂದು ಮಾತಿಗೆಳೆಯುವ ಕುಂದಗನ್ನಡ, ಮೇಲೆ ಮಲೆನಾಡಿನ ಕನ್ನಡ. ಎರಡೂ ಒಂದೇ ರಾಜ್ಯಕ್ಕೆ ಸೇರಲು ಇನ್ನೂ 4 ವರ್ಷ ಬಾಕಿ. ಆಗ ಹೊರಬಂದದ್ದು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಎನ್. ನರಸಿಂಹಯ್ಯನವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’. 1925ರಲ್ಲಿ ಹುಟ್ಟಿ ನಾಲ್ಕನೇ ತರಗತಿಗೇ ಶಾಲೆ ಬಿಟ್ಟಿದ್ದವರು 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರೆದ ಕಾದಂಬರಿಗಳು 500ಕ್ಕೂ ಮಿಕ್ಕಿದ್ದವು. ಇಷ್ಟನ್ನೂ 59 ವರ್ಷಕ್ಕೆ ಹಂಚಿ ನೋಡಿದರೂ ಆರು ವಾರಕ್ಕೊಂದು ಪುಸ್ತಕ. ಈ ಲೆಕ್ಕ ಕೇಳಿ ಬೆರಗಾಗುವುದು ಸುಲಭ; ಆದರೆ ಅವರ ನಿಜವಾದ ಸಾಧನೆ ಸಂಖ್ಯೆಯಲ್ಲಿಲ್ಲ. ಮನೆಮಾತು ಬೇರೆ ಬೇರೆಯಾಗಿದ್ದ ಜನರಿಗೆ ಅಚ್ಚಿನ ಕನ್ನಡವನ್ನು ತಡವರಿಸದೆ ಓದುವ ಅಭ್ಯಾಸ ಹಿಡಿಸಿದ್ದರಲ್ಲಿದೆ. ಹೆಚ್ಚು ಓದಿರದ ಲೇಖಕನಿಗೆ ಹೆಚ್ಚು ಓದಿರದ ಓದುಗ ಎಲ್ಲಿ ಎಡವುತ್ತಾನೆಂಬುದು ಗೊತ್ತಿರುತ್ತದೆ.

ಇವೆಲ್ಲ ಒಂದೇ ಅಚ್ಚಿನ ಎರಕ, ಕೊನೆಗೆ ಪತ್ತೇದಾರನೇ ಗೆಲ್ಲುತ್ತಾನೆ, ಇದರಲ್ಲೇನು ಸಾಹಿತ್ಯ ಎಂಬ ಆಕ್ಷೇಪ ಹಳೆಯದು. ಗೆಲ್ಲುವುದು ಖಂಡಿತ ಎಂಬುದನ್ನು ಅವರು ಮುಚ್ಚಿಡಲೂ ಇಲ್ಲ: ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಆದರೆ ಈ ಆಕ್ಷೇಪವನ್ನು ಕುಂದಾಪುರದ ಕಡೆಯವರ ಮುಂದೆ ಎತ್ತುವುದು ಕಷ್ಟ. ಗದ್ದೆಯಲ್ಲಿ ನಡೆಯುವ ಯಕ್ಷಗಾನದ ಹರಕೆಯಾಟದಲ್ಲಿ ‘ಕೀಚಕ ವಧೆ’ ನೋಡಲು ಕೂತವರಲ್ಲಿ ಕೀಚಕ ಉಳಿದಾನು ಎಂದುಕೊಂಡವರು ಯಾರೂ ಇರುವುದಿಲ್ಲ. ಆದರೂ ನಿದ್ದೆಗೆಟ್ಟು ಕೂರುತ್ತಾರೆ. ಕುತೂಹಲವೆಲ್ಲ ‘ಏನಾಗುತ್ತದೆ’ ಎಂಬುದರ ಮೇಲಲ್ಲ, ‘ಹೇಗಾಗುತ್ತದೆ’ ಎಂಬುದರ ಮೇಲೆ. ಹಾಗೆ ನೋಡಿದರೆ ಆ ಕಥೆಯೇ ಅಪ್ಪಟ ಪತ್ತೇದಾರಿ. ವೇಷ ಮರೆಸಿದ ಐವರು, ಕತ್ತಲಲ್ಲೊಂದು ಕೊಲೆ, ಸುದ್ದಿ ಒಯ್ಯುವ ಗೂಢಚಾರರು. ಕೀಚಕನನ್ನು ಕೊಲ್ಲಬಲ್ಲವರು ಲೋಕದಲ್ಲಿ ಬೆರಳೆಣಿಕೆಯವರು ಎಂಬ ಒಂದೇ ಎಳೆ ಹಿಡಿದು, ಭೀಮ ವಿರಾಟನಗರದಲ್ಲೇ ಇದ್ದಾನೆಂದು ಕೌರವರು ಊಹಿಸುತ್ತಾರೆ. ಷರ್ಲಾಕ್ ಹೋಮ್ಸ್ 1887ರಲ್ಲಿ ಮಾಡಿದ್ದೂ ಇದೇ ಕಸುಬನ್ನು. ಹಾಗೆಂದು 500 ಕಾದಂಬರಿಗಳೂ ಗಟ್ಟಿ ಎಂದು ವಾದಿಸುವುದು ಮೂರ್ಖತನ. ಆರು ವಾರದ ಗಡುವಿನಲ್ಲಿ ಬರೆದದ್ದರಲ್ಲಿ ಜೊಳ್ಳು ಇದ್ದೇ ಇರುತ್ತದೆ.

ಇನ್ನೊಂದು ಮಾತಿದೆ: ಈ ಬಗೆಯೇ ಇಂಗ್ಲಿಷಿನಿಂದ ಎರವಲು ತಂದದ್ದು ಎಂದು. ಬೀಜ ಹೊರಗಿನದು, ನಿಜ. ಆದರೆ ಅಲಹಾಬಾದಿನಲ್ಲಿ ಇಬ್ನೆ ಸಫಿ ಉರ್ದುವಿನ ‘ಜಾಸೂಸಿ ದುನಿಯಾ’ ಶುರುಮಾಡಿದ್ದೂ 1952ರಲ್ಲೇ. ಇಯಾನ್ ಫ್ಲೆಮಿಂಗರ ಜೇಮ್ಸ್ ಬಾಂಡ್ ಬಂದದ್ದು ಅದರ ಮರುವರ್ಷ. ಪುರುಷೋತ್ತಮ ಬಾಂಡನ ನೆರಳಲ್ಲ, ಅವನಿಗಿಂತ ಒಂದು ವರ್ಷ ಹಿರಿಯ! ಹೊಸದಾಗಿ ಅಕ್ಷರ ಕಲಿತವರಿಗೆ ಅಗ್ಗದ, ಬಿಟ್ಟೂಬಿಡದೆ ಓದಿಸಿಕೊಳ್ಳುವ ಪುಸ್ತಕ ಬೇಕಾಗಿತ್ತು. ಆ ಹಸಿವು ಕನ್ನಡ ನಾಡೊಂದರದ್ದೇ ಆಗಿರಲಿಲ್ಲ.

ಪತ್ತೇದಾರಿಯ ರುಚಿ ಹತ್ತಿದವರು ಗಂಭೀರ ಸಾಹಿತ್ಯದತ್ತ ತಲೆಹಾಕುವುದಿಲ್ಲ ಎಂಬ ದೂರಿಗೆ ಉತ್ತರ ತ್ರಾಸಿಯಿಂದ ದೂರವಿಲ್ಲದ ಕೋಟದಲ್ಲೇ ಇದೆ. ಅಲ್ಲಿನ ಶಿವರಾಮ ಕಾರಂತರು 1920ರ ದಶಕದಲ್ಲಿ ಕಾದಂಬರಿಗೆ ಕೈಹಾಕಿದಾಗ ಬರೆದ ‘ವಿಚಿತ್ರಕೂಟ’ ಪತ್ತೇದಾರಿಯೇ. ಅದನ್ನು ದಾಟಿಯೇ ಅವರು ‘ಮರಳಿ ಮಣ್ಣಿಗೆ’ ಬರೆದರು. ಬರೆಯುವವರು ದಾಟಬಹುದಾದರೆ ಓದುವವರು ಯಾಕೆ ದಾಟಬಾರದು? ದಾಟದೆ ಅಲ್ಲೇ ಉಳಿದವರೂ ಕನ್ನಡವನ್ನೇ ಓದಿದರಲ್ಲ. ಇದೇ ಕಸುಬಿನ ಇನ್ನೊಬ್ಬರು ಮ. ರಾಮಮೂರ್ತಿ, ಪತ್ತೇದಾರಿ ಕಾದಂಬರಿ ಬರೆಯುತ್ತಲೇ ಕನ್ನಡ ಚಳವಳಿಗೆ ಧುಮುಕಿದವರು. ನವೆಂಬರ್ 1ರಂದು ರಿಕ್ಷಾ ನಿಲ್ದಾಣಗಳಲ್ಲಿ ಏರುವ ಹಳದಿ-ಕೆಂಪು ಬಾವುಟ ಅವರು ರೂಪಿಸಿದ್ದು.