ಅಧ್ಯಾಪಕರೂ ಮೊಬೈಲ್ ಆ್ಯಪ್‌ಗಳೂ

ಕಲಿಕೆಗೆ ನೆರವಾಗುವ ಮೊಬೈಲ್ ಆ್ಯಪ್‌ಗಳನ್ನು ಅಧ್ಯಾಪಕರು ಒಪ್ಪಿಕೊಳ್ಳಲು ಹಿಂಜರಿಯುವುದೇಕೆ? ವಯಸ್ಸೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅಮೆರಿಕದ ಫ್ರೆಡ್ ಡೇವಿಸ್ ಅವರು 1989ರಲ್ಲಿ ಮಂಡಿಸಿದ ತಂತ್ರಜ್ಞಾನ ಸ್ವೀಕಾರದ ಮಾದರಿ ಬೇರೆ ಉತ್ತರ ಕೊಡುತ್ತದೆ. ಹೊಸ ಸಾಧನವನ್ನು ಒಪ್ಪುವ ಮುನ್ನ ಮನುಷ್ಯ ಎರಡನ್ನು ತೂಗಿ ನೋಡುತ್ತಾನೆ: ಇದರಿಂದ ನನ್ನ ಕೆಲಸಕ್ಕೆ ಪ್ರಯೋಜನವಿದೆಯೇ? ಇದನ್ನು ಬಳಸುವುದು ಸುಲಭವೇ? ಇವೆರಡರಲ್ಲಿ ಪ್ರಯೋಜನದ ನಂಬಿಕೆಯೇ ಬಲವಾದುದೆಂದು ಡೇವಿಸ್ ಕಂಡುಕೊಂಡರು. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಸುತ್ತಲಿನವರ ಪ್ರಭಾವ, ಅನುಕೂಲಗಳ ಲಭ್ಯತೆ ಎಂಬ ಅಂಶಗಳನ್ನೂ ಇದರ ಜೊತೆಗೆ ಪರಿಗಣಿಸಿದರು.

ಈ ತಕ್ಕಡಿಯಲ್ಲಿ ನಮ್ಮ ಹಳಗನ್ನಡ ತರಗತಿಯನ್ನು ಇಟ್ಟು ನೋಡೋಣ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಶತ್ರು. 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ಯುನಿಕೋಡ್‌ನಲ್ಲಿ ಱ, ೞ ಎರಡಕ್ಕೂ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೂಚಿಸಬೇಕಾಯಿತು. ಮೊಬೈಲಿನ ಎಷ್ಟೋ ಕೀಲಿಮಣೆಗಳಲ್ಲಿ ಈ ಅಕ್ಷರಗಳು ಸುಲಭವಾಗಿ ಸಿಗುವುದಿಲ್ಲ. ಸಿಗದಾಗ ವಿದ್ಯಾರ್ಥಿ ಇದ್ದ ಅಕ್ಷರವನ್ನೇ ಒತ್ತುತ್ತಾನೆ; ಅೞಿಯಬೇಕಾದುದು ದುಂಬಿಯಾಗಿ ಹಾರಿಹೋಗುತ್ತದೆ! ಇಂತಹಲ್ಲಿ ಅಧ್ಯಾಪಕ ಅನುಮಾನಪಟ್ಟರೆ ಅದನ್ನು ಹಟವೆನ್ನಲಾಗದು. ಅದು ಪಠ್ಯದ ಮೇಲಿನ ನಿಷ್ಠೆ.

ಇನ್ನೊಂದು ತಟ್ಟೆಯೂ ಹಗುರವಲ್ಲ. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಈಗ ಅಲ್ಲಿಯ ವಿದ್ಯಾರ್ಥಿಗೂ ಉಮರ್ಗಾದ ವಿದ್ಯಾರ್ಥಿಗೂ ಒಳ್ಳೆಯ ಕನ್ನಡ ನಿಘಂಟು ಬೇಕೆಂದರೆ ಬೀದರಿಗೋ ಕಲಬುರಗಿಗೋ ಬಸ್ಸು ಹಿಡಿಯಬೇಕು. ಅಂಥವನ ಮೊಬೈಲಿನಲ್ಲೇ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ತೆರೆದುಕೊಳ್ಳುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 'ವಚನ ಸಂಚಯ'ದಲ್ಲಿ ಒಂದು ಪದವನ್ನು ಯಾವ ಯಾವ ವಚನಕಾರರು ಬಳಸಿದ್ದಾರೆಂದು ಕ್ಷಣದಲ್ಲಿ ಹುಡುಕಬಹುದು. ಮೊದಲು ಇದಕ್ಕೆ ಸಂಪುಟಗಳನ್ನು ತಿಂಗಳುಗಟ್ಟಲೆ ತಿರುವಿಹಾಕಬೇಕಿತ್ತು. ಪ್ರಯೋಜನ ಎಂದರೆ ಇದೇ.

ಹೀಗಾಗಿ ಸಾರಾಸಗಟಾಗಿ ತಿರಸ್ಕರಿಸುವ ಅಧ್ಯಾಪಕ ವಿದ್ಯಾರ್ಥಿಯ ಕೈಗೆ ಸಿಕ್ಕ ಏಕೈಕ ನಿಘಂಟನ್ನು ಕಸಿದುಕೊಂಡಂತೆ. ಕಣ್ಣುಮುಚ್ಚಿ ಒಪ್ಪುವವನು ಎರಡು ಅಕ್ಷರಗಳನ್ನು ಕಳೆದುಕೊಂಡಂತೆ. ನಾನು ಪಾಲಿಸುತ್ತಿರುವ ಕ್ರಮ ಸರಳ: ಪದವನ್ನು ಮೊಬೈಲಿನಲ್ಲಿ ಹುಡುಕಿ, ಮುದ್ರಿತ ಪಠ್ಯದೊಡನೆ ಹೋಲಿಸಿ, ಕೈಯಿಂದ ಬರೆಯಿರಿ.

ನಮ್ಮಂಥ ಸಣ್ಣ ವಿಭಾಗದಲ್ಲಿ ಅಧ್ಯಾಪಕನ 'ಸುತ್ತಲಿನವರು' ಎಂದರೆ ವಿದ್ಯಾರ್ಥಿಗಳೇ. "ಸರ್, ಈ ಪದ ಇಲ್ಲಿ ಹೀಗಿದೆ, ಸರಿಯೇ?" ಎಂದು ಮೊಬೈಲನ್ನು ಮುಂದೆ ಹಿಡಿದು ಕೇಳಿರಿ. ಯಾವ ತರಬೇತಿ ಶಿಬಿರಕ್ಕಿಂತಲೂ ಆ ಒಂದು ಪ್ರಶ್ನೆ ಅಧ್ಯಾಪಕರನ್ನು ಬೇಗ ಒಲಿಸುತ್ತದೆ.