ತೈಲಬಾವಿ ಮತ್ತು ಕೆಸರು

ಬೇಸಿಗೆಯ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಯುವುದನ್ನು ನೀವು ನೋಡಿರಬಹುದು. ನೀರು ಚಿಮ್ಮಿದೊಡನೆ ಸುತ್ತ ನಿಂತವರೆಲ್ಲರೂ ಹಿಗ್ಗುತ್ತಾರೆ. ಆದರೆ ತೈಲಬಾವಿಯನ್ನು ಕೊರೆಯುವಾಗ ತೈಲ ತಾನಾಗಿ ಚಿಮ್ಮಿತೆಂದರೆ ಅಲ್ಲಿರುವವರು ಹಿಗ್ಗುವುದಿಲ್ಲ, ಗಾಬರಿಗೊಳ್ಳುತ್ತಾರೆ. ಇದು ಏಕೆಂದು ತಿಳಿದರೆ ಆ ವಿದ್ಯೆಯ ತಿರುಳನ್ನೇ ತಿಳಿದಂತಾಗುತ್ತದೆ.

ಭೂಗರ್ಭದಲ್ಲಿ ತೈಲವು ಕೆರೆಯಂತೆ ತುಂಬಿ ನಿಂತಿರುತ್ತದೆ ಎಂಬುದು ತಪ್ಪು ಕಲ್ಪನೆ. ಮರಳುಗಲ್ಲು, ಸುಣ್ಣಕಲ್ಲುಗಳ ಅತಿ ಸೂಕ್ಷ್ಮವಾದ ರಂಧ್ರಗಳಲ್ಲಿ ತೈಲವೂ ಅನಿಲವೂ ಅಡಗಿರುತ್ತವೆ. ಆಳ ಹೆಚ್ಚಿದಂತೆ ಅವುಗಳ ಒತ್ತಡವೂ ಹೆಚ್ಚುತ್ತದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬಾತನು ಕೊರೆಯಿಸಿದ ಪ್ರಸಿದ್ಧ ಬಾವಿಯ ಆಳ ಸುಮಾರು 21 ಮೀಟರ್ ಮಾತ್ರ. ಇಂದಿನ ಬಾವಿಗಳು ಸಾವಿರಾರು ಮೀಟರ್ ಆಳಕ್ಕೆ ಇಳಿಯುತ್ತವೆ.

ಇಷ್ಟು ಆಳಕ್ಕೆ ಕೊರೆಯುವ ಬಗೆ ಹೇಗೆ? ಎತ್ತರವಾದ ಉಕ್ಕಿನ ಗೋಪುರದಿಂದ ಟೊಳ್ಳಾದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಇಳಿಬಿಡುತ್ತಾರೆ. ಅವುಗಳ ತುದಿಯಲ್ಲಿ ಗಟ್ಟಿ ಹಲ್ಲುಗಳುಳ್ಳ ‘ಬಿಟ್’ ಇರುತ್ತದೆ. ಅದು ತಿರುಗುತ್ತ ಬಂಡೆಯನ್ನು ಅರೆಯುತ್ತದೆ. ಕೊಳವೆಯ ಒಳಗಿನಿಂದ ಪಂಪು ಒಂದು ಬಗೆಯ ತೆಳು ಕೆಸರನ್ನು ತಳಕ್ಕೆ ನೂಕುತ್ತದೆ. ಅದು ಬಿಟ್ಟಿನ ರಂಧ್ರಗಳಿಂದ ಹೊರಟು, ಕೊಳವೆಗೂ ಬಾವಿಯ ಗೋಡೆಗೂ ನಡುವಣ ಸಂದಿನಲ್ಲಿ ಮೇಲೇರಿ ಬರುತ್ತದೆ.

ಈ ಕೆಸರನ್ನು ಕಡೆಗಣಿಸುವಂತಿಲ್ಲ. ಬಿಟ್ಟನ್ನು ತಂಪಾಗಿಡುವುದೂ, ಕಲ್ಲಿನ ಪುಡಿಯನ್ನು ಮೇಲಕ್ಕೆ ಹೊತ್ತು ತರುವುದೂ ಅದರ ಕೆಲಸವೇ. ಎಲ್ಲಕ್ಕಿಂತ ಮುಖ್ಯವಾಗಿ, ಅದು ತನ್ನ ಭಾರದಿಂದ ತೈಲವನ್ನೂ ಅನಿಲವನ್ನೂ ಬಂಡೆಯೊಳಗೇ ತಡೆದು ನಿಲ್ಲಿಸುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ತಳದ ಮೇಲೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಹೇರುತ್ತದೆ. 3000 ಮೀಟರ್ ಆಳದಲ್ಲಿ ಅದು ಸುಮಾರು 300ರಷ್ಟಾಯಿತು. ಅಲ್ಲಿರುವ ಅನಿಲದ ಒತ್ತಡ 360 ಆಗಿದ್ದರೆ ಬರಿಯ ನೀರು ಸಾಲದು, ನೀರಿಗಿಂತ 1.2 ಪಾಲಿಗೂ ತುಸು ಮಿಗಿಲಾಗಿ ಭಾರವುಳ್ಳ ಕೆಸರು ಬೇಕು. ಅದಕ್ಕಾಗಿ ಕೆಸರಿಗೆ ಬೆರೈಟ್ ಎಂಬ ಭಾರವಾದ ಖನಿಜದ ಪುಡಿಯನ್ನು ಬೆರೆಸುತ್ತಾರೆ. ಈ ಖನಿಜದ ದೊಡ್ಡ ನಿಕ್ಷೇಪವೊಂದು ನೆರೆಯ ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿದೆ.

ಹಾಗೆಂದು ಭಾರವನ್ನು ಮಿತಿಮೀರಿ ಹೆಚ್ಚಿಸಿದರೆ ಬಂಡೆಯೇ ಬಿರಿಯುತ್ತದೆ. ಬಿರುಕಿನೊಳಕ್ಕೆ ಕೆಸರು ಹರಿದುಹೋಗಿ ಬಾವಿಯಲ್ಲಿ ಅದರ ಮಟ್ಟ ಇಳಿಯುತ್ತದೆ. ತಡೆಯುವ ಶಕ್ತಿ ಕುಂದುತ್ತದೆ. ಕಡಿಮೆಯೂ ಆಗದೆ ಹೆಚ್ಚೂ ಆಗದೆ ಇರುವ ಹದವನ್ನು ಕಾಯುವುದೇ ಇಲ್ಲಿಯ ಜಾಣ್ಮೆ. ಆದ್ದರಿಂದ ಹಂತಹಂತವಾಗಿ ಕೊರೆದು, ಉಕ್ಕಿನ ಕೇಸಿಂಗ್ ಪೈಪನ್ನು ಇಳಿಸಿ, ಅದರ ಸುತ್ತ ಸಿಮೆಂಟನ್ನು ತುಂಬಿ ಮುಂದುವರಿಯುತ್ತಾರೆ. ಬಾವಿಯ ಬಾಯಿಗೆ ಭಾರಿ ಕವಾಟಗಳನ್ನು ಅಳವಡಿಸುತ್ತಾರೆ. ಕೆಸರಿನ ತೊಟ್ಟಿಯ ಮಟ್ಟವನ್ನು ಹಗಲಿರುಳೂ ಗಮನಿಸುತ್ತಾರೆ. ಒಳಹೋದುದಕ್ಕಿಂತ ಹೆಚ್ಚು ಕೆಸರು ಹೊರಬಂದರೆ, ಕೆಳಗಿನ ಅನಿಲವೋ ತೈಲವೋ ಬಾವಿಯನ್ನು ಹೊಕ್ಕಿದೆ ಎಂದೇ ಅರ್ಥ.

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನಗಳಿವೆ. 1901ರ ಜನವರಿ 10ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಪಿಂಡಲ್‌ಟಾಪ್‌ನಲ್ಲಿ ತೈಲವು ಕೊರೆಯುವ ಕೊಳವೆಗಳನ್ನೇ ಹೊರಕ್ಕೆಸೆದು ಆಕಾಶಕ್ಕೆ ಚಿಮ್ಮಿತು. ಅದನ್ನು ಹತೋಟಿಗೆ ತರಲು ಒಂಬತ್ತು ದಿನಗಳು ಹಿಡಿದವು. ಆಗ ಜನ ಅದನ್ನು ಭಾಗ್ಯವೆಂದು ಸಂಭ್ರಮಿಸಿದರು. ಆದರೆ 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನಿನಲ್ಲಿ ದುರಸ್ತಿಯಲ್ಲಿದ್ದ ಅನಿಲಬಾವಿಯೊಂದು ಹತೋಟಿ ತಪ್ಪಿದಾಗ ಯಾರೂ ಸಂಭ್ರಮಿಸಲಿಲ್ಲ. ಜೂನ್ 9ರಂದು ಅದಕ್ಕೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳದ ಇಬ್ಬರು ಪ್ರಾಣ ತೆತ್ತರು. ಸಾವಿರಾರು ಜನ ಮನೆಮಾರು ತೊರೆದರು. ಅದು ಹತೋಟಿಗೆ ಬಂದುದು ನವೆಂಬರ್ ತಿಂಗಳಲ್ಲಿ. ಕೊನೆಗೂ ಅದನ್ನು ಅಡಗಿಸಿದ್ದು ಬಾವಿಯೊಳಕ್ಕೆ ತುಂಬಿದ ಭಾರವಾದ ಉಪ್ಪುದ್ರಾವಣವೇ.

ನಮ್ಮ ಮನೆಯ ಒಲೆಗೆ ಅನಿಲವೂ ವಾಹನಕ್ಕೆ ಇಂಧನವೂ ದೊರೆಯುತ್ತಿರುವುದರ ಹಿಂದೆ, ಎಲ್ಲೋ ದೂರದಲ್ಲಿ ನಡುರಾತ್ರಿಯಲ್ಲಿಯೂ ಕೆಸರಿನ ತೊಟ್ಟಿಯ ಮೇಲೆ ಕಣ್ಣಿಟ್ಟು ಕುಳಿತ ಕೆಲಸಗಾರನ ಎಚ್ಚರವಿದೆ. ಬಾವಿಯನ್ನು ಕೊರೆಯುವುದು ಯಂತ್ರ. ಅದನ್ನು ಕಾಯುವುದು ಮನುಷ್ಯನ ಎಚ್ಚರ.