ಆಟದ ಸಂಗೀತ, ಆಟಗಾರನಿಲ್ಲದೆ

ಪಶ್ಚಿಮ ಘಟ್ಟದ ಕಾಡಿನಲ್ಲಿ ಇಬ್ಬರು ಹೆಂಗಸರು ಜೀಪು ಓಡಿಸಿಕೊಂಡು ಹೊಯ್ಸಳರ ಕಾಲದ ಗಣೇಶನ ದಂತ ಹುಡುಕುತ್ತಾರೆ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಅವರ ಬಾಯಲ್ಲಿ ಬರುತ್ತವೆ. ನಡುವೆ ಆನೆ ಸವಾರಿಯೂ ಉಂಟು. 2017ರಲ್ಲಿ ಬಂದ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಎಂಬ ಪ್ಲೇಸ್ಟೇಷನ್ ಆಟ ಇದು. ಅಲ್ಲಿನ ಭೂಗೋಳ ಪೂರಾ ಕಲ್ಪನೆಯದು. ದುಬಾರೆಯ ಆನೆಗಳನ್ನು ನೋಡಿ ಬೆಳೆದ ಕೊಡಗಿನ ಹುಡುಗರು ಅದನ್ನು ಕಂಡು ನಕ್ಕರೆ ತಪ್ಪಿಲ್ಲ. ಆದರೆ ಹೆನ್ರಿ ಜ್ಯಾಕ್‌ಮನ್ ಅದಕ್ಕೆ ಕೂಡಿಸಿದ ಸಂಗೀತ ನಗುವಂಥದ್ದಲ್ಲ. ಇಂಥ ಸಂಗೀತವನ್ನು ಆಟದಿಂದ ಬಿಡಿಸಿ ತಂದು, ಇಡೀ ವಾದ್ಯವೃಂದ ವೇದಿಕೆಯ ಮೇಲೆ ನುಡಿಸುವುದು, ಜನ ಟಿಕೆಟ್ ಕೊಂಡು ಕೂತು ಕೇಳುವುದು ಈಗ ಜಗತ್ತಿನ ದೊಡ್ಡ ನಗರಗಳಲ್ಲಿ ವಾಡಿಕೆಯಾಗಿದೆ.

ಇದು ಮೊದಲಾದದ್ದು ಜಪಾನಿನಲ್ಲಿ. 1986ರ 'ಡ್ರ್ಯಾಗನ್ ಕ್ವೆಸ್ಟ್' ಆಟಕ್ಕೆ ಸಂಗೀತ ಮಾಡಿದ ಕೋಯಿಚಿ ಸುಗಿಯಾಮ ಅದಕ್ಕೂ ಮುಂಚೆಯೇ ಟಿವಿ, ಜಾಹೀರಾತುಗಳಲ್ಲಿ ಪಳಗಿದವರು. ಆಗಿನ ನಿಂಟೆಂಡೊ ಯಂತ್ರದ ಚಿಪ್‌ನಿಂದ ಒಂದೇ ಹೊತ್ತಿಗೆ ಹೊರಡುತ್ತಿದ್ದದ್ದು ಮೂರು ಸ್ವರ, ಜೊತೆಗೆ ತಾಳಕ್ಕೊಂದು ಗರಗರ ಸದ್ದು. ಅಷ್ಟರಲ್ಲೇ ಅವರು ಮೆರವಣಿಗೆಯ ಗತ್ತು ತಂದರು. ಮರುವರ್ಷ, ಅಂದರೆ 1987ರ ಆಗಸ್ಟ್‌ನಲ್ಲಿ, ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ಅದೇ ಸ್ವರಗಳನ್ನು ನಿಜವಾದ ಪಿಟೀಲುಗಳು ನುಡಿಸಿದವು. 2021ರ ಟೋಕಿಯೊ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಒಳಗೆ ಬರುವಾಗ ಮೊಳಗಿದ್ದರಲ್ಲಿ ಸುಗಿಯಾಮರ ಅದೇ ಆಟದ ಸಂಗೀತವೂ ಇತ್ತು. ಜಪಾನಿನ ಆಚೆ ಈ ರೂಢಿ ಕಾಲಿಟ್ಟದ್ದು 2003ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಮರುವರ್ಷ ನೊಬುವೊ ಉಯೆಮಾತ್ಸು ಅವರ 'ಫೈನಲ್ ಫ್ಯಾಂಟಸಿ' ಸಂಗೀತವನ್ನು ಲಾಸ್ ಏಂಜಲೀಸ್‌ನ ಫಿಲ್‌ಹಾರ್ಮೊನಿಕ್ ನುಡಿಸಿತು. 1895ರಿಂದ ನಡೆದು ಬಂದ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ ಮಾತ್ರ 2022ರವರೆಗೂ ಕಾದು ಆಮೇಲೆ ಬಾಗಿಲು ತೆರೆಯಿತು. ಮಡಿವಂತಿಕೆ ಎಲ್ಲ ಊರಿನ ಸಂಗೀತದಲ್ಲೂ ಇರುತ್ತದೆ.

ಸಿನಿಮಾ ಸಂಗೀತಕ್ಕೂ ಆಟದ ಸಂಗೀತಕ್ಕೂ ಇರುವ ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಸಿನಿಮಾದ ಜಗಳ ಎಷ್ಟು ಹೊತ್ತಿನದು ಎಂದು ಸಂಗೀತ ನಿರ್ದೇಶಕರಿಗೆ ಗೊತ್ತು. ಆಟದಲ್ಲಿ ಗೊತ್ತಿಲ್ಲ. ರಾಕ್ಷಸನನ್ನು ಒಬ್ಬ ಒಂದು ನಿಮಿಷದಲ್ಲಿ ಮುಗಿಸುತ್ತಾನೆ, ಇನ್ನೊಬ್ಬ ಅರ್ಧ ಗಂಟೆ ಒದ್ದಾಡುತ್ತಾನೆ. ಹಾಗಾಗಿ ಸಂಗೀತ ಸುತ್ತಿ ಸುತ್ತಿ ಬರಬೇಕು, ಬೇಸರ ತರಿಸಬಾರದು, ಎಲ್ಲಿ ಬೇಕಾದರೂ ತುಂಡಾಗಿ ಮುಂದಿನದಕ್ಕೆ ಹೊರಳುವಂತಿರಬೇಕು. 1978ರ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ. ಶತ್ರುಗಳ ಓಟ ಹೆಚ್ಚಿದಷ್ಟೂ ಲಯ ಏರುತ್ತಿತ್ತು, ಆಡುವವನ ಎದೆಬಡಿತವೂ ಏರುತ್ತಿತ್ತು.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡವ ಮದುವೆಯ ಗಂಗಾಪೂಜೆ ನೋಡಿದವರಿಗೆ ಸಾಕು. ಮದುವಣಗಿತ್ತಿ ಬಾವಿಗೆ ಪೂಜೆ ಮಾಡಿ, ನೀರು ತುಂಬಿ, ಬಿಂದಿಗೆ ತಲೆಯ ಮೇಲಿಟ್ಟು ಮನೆಯ ಕಡೆ ಹೊರಡುತ್ತಾಳೆ. ಗಂಡಿನ ಕಡೆಯವರು ಎದುರಿಗೆ ವಾಲಗಕ್ಕೆ ಕುಣಿಯುತ್ತ ದಾರಿ ತಡೆಯುತ್ತಾರೆ. ಒಂದು ಹೆಜ್ಜೆ ಮುಂದೆ, ಮತ್ತೆ ನಿಲುಗಡೆ. ಒಬ್ಬ ದಣಿದು ಸರಿದರೆ ಇನ್ನೊಬ್ಬ ನುಗ್ಗುತ್ತಾನೆ. ಕಲ್ಯಾಣ ಮಂಟಪದ ಅಂಗಳದಲ್ಲಿ ಹತ್ತು ಮಾರು ದಾಟಲು ಗಂಟೆಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ. ಇದು ಯಾವಾಗ ಮುಗಿಯುತ್ತದೆ ಎಂದು ವಾಲಗದವರಿಗೆ ಯಾರೂ ಹೇಳಿರುವುದಿಲ್ಲ. ಅವರ ಮುಂದೆ ಸ್ವರಲಿಪಿಯ ಹಾಳೆಯಿಲ್ಲ, ಕೈಬೀಸಿ ನಡೆಸುವ ಕಂಡಕ್ಟರನಿಲ್ಲ. ಕಣ್ಣು ಕುಣಿಯುವವರ ಕಾಲ ಮೇಲೆ. ಕುಣಿತ ಸಪ್ಪಗಾದರೆ ಡೋಲು ಕೆಣಕುತ್ತದೆ, ಕಾವೇರಿದರೆ ವಾಲಗ ಮೇಲಕ್ಕೇರುತ್ತದೆ, ದಾರಿ ಬಿಟ್ಟುಕೊಟ್ಟಾಗ ತಾನಾಗಿ ಇಳಿಯುತ್ತದೆ. ಈ ಬಾಜಾ ನುಡಿಸುವವರು ಬಹುಪಾಲು ಕೊಡವರಲ್ಲ, ಮೇದರೂ ಸೇರಿದಂತೆ ಜಿಲ್ಲೆಯ ಸಣ್ಣ ಸಮುದಾಯಗಳ ಜನ. ಉಯೆಮಾತ್ಸು ಹೆಸರು ಪೋಸ್ಟರ್‌ನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲಿ ವಾಲಗದವರ ಹೆಸರು ಹುಡುಕಿದರೂ ಸಿಗದು.

ಕಛೇರಿಗೆ ಬಂದ ಆಟದ ಸಂಗೀತ ಕಳೆದುಕೊಳ್ಳುವುದು ವಾಲಗದವರ ಹಾಗೆ ಎದುರಿನವರನ್ನು ನೋಡಿ ನುಡಿಸುವ ಈ ಗುಣವನ್ನೇ. ಸಭಾಂಗಣದಲ್ಲಿ ವೇದಿಕೆಯ ಹಿಂದೆ ದೊಡ್ಡ ಪರದೆ, ಅದರಲ್ಲಿ ಆಟದ ದೃಶ್ಯಗಳು. ಎಂಬತ್ತು ತೊಂಬತ್ತು ಜನ ವಾದ್ಯಗಾರರು, ಕೆಲವೊಮ್ಮೆ ಹಾಡುವ ಬಳಗವೂ. ಕ್ರಿಸ್ಟೊಫರ್ ಟಿನ್ 'ಸಿವಿಲೈಸೇಷನ್ 4' ಆಟಕ್ಕೆ ಸ್ವಾಹಿಲಿ ಭಾಷೆಯಲ್ಲಿ ಕೂಡಿಸಿದ 'ಬಾಬಾ ಯೇಟು' ಇಂಥ ಕಡೆ ಮೊಳಗಿದಾಗ ಮೈ ನವಿರೇಳುವುದು ಸಹಜ. 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ಕೃತಿ ಅದು. ಶಾಸ್ತ್ರೀಯ ಕಛೇರಿಯ ಬಿಗುವು ಇಲ್ಲಿಲ್ಲ. ಬಾಲ್ಯದ ಆಟದ ಮೊದಲ ಸ್ವರ ಕಿವಿಗೆ ಬಿದ್ದೊಡನೆ ಜನ ಕೂಗಿ ಚಪ್ಪಾಳೆ ತಟ್ಟುತ್ತಾರೆ, ಪಾತ್ರಗಳ ವೇಷ ಹಾಕಿ ಬರುವವರೂ ಉಂಟು. ಆದರೂ ಸಂಗೀತ ಇಲ್ಲಿ ಯಾರಿಗೂ ಕಾಯುವುದಿಲ್ಲ. ಐದು ನಿಮಿಷಕ್ಕೆ ಕತ್ತರಿಸಿದ ಜಗಳ ಐದನೇ ನಿಮಿಷಕ್ಕೆ ಮುಗಿಯುತ್ತದೆ.

ಈ ಕೊರತೆ ಮಾಡುವವರಿಗೂ ತಿಳಿದಿತ್ತು. 2005ರಲ್ಲಿ ಹಾಲಿವುಡ್ ಬೌಲ್‌ನಿಂದ ಹೊರಟ 'ವಿಡಿಯೊ ಗೇಮ್ಸ್ ಲೈವ್' ಪ್ರವಾಸಿ ಕಛೇರಿ ಪ್ರೇಕ್ಷಕರಲ್ಲೊಬ್ಬರನ್ನು ವೇದಿಕೆಗೆ ಕರೆದು ಆಟವಾಡಿಸುತ್ತಿತ್ತು. ಅದು ಹೆಚ್ಚುಕಡಿಮೆ ತಮಾಷೆಯ ಮಟ್ಟದ್ದು. ಗಂಭೀರವಾಗಿ ಮಾಡಿದವರು ಆಸ್ಟಿನ್ ವಿಂಟೋರಿ. ಮರಳುಗಾಡಿನಲ್ಲಿ ಒಂಟಿ ಪಯಣಿಗ ದೂರದ ಬೆಟ್ಟದ ಕಡೆ ನಡೆಯುವ 'ಜರ್ನಿ' ಆಟಕ್ಕೆ ಅವರು ಮಾಡಿದ ಸಂಗೀತ, ಗ್ರ್ಯಾಮಿಗೆ ನಾಮನಿರ್ದೇಶನವಾದ ಮೊದಲ ಪೂರ್ಣ ಆಟಸಂಗೀತ. ಷಿಕಾಗೊದ ಫಿಫ್ತ್ ಹೌಸ್ ಎಂಬ ಸಣ್ಣ ವಾದ್ಯಬಳಗ 2016ರಿಂದ ಅದನ್ನು ಬೇರೆ ರೀತಿ ನುಡಿಸತೊಡಗಿತು. ವೇದಿಕೆಯ ಮೇಲೆ ಒಬ್ಬರು ಆಟ ಆಡುತ್ತಾರೆ, ಬಳಗ ಅವರನ್ನು ಹಿಂಬಾಲಿಸುತ್ತದೆ. ಆಡುವವರು ಮರಳ ದಿಬ್ಬದ ಮೇಲೆ ಸುಮ್ಮನೆ ನಿಂತರೆ ಸೆಲ್ಲೊ ಅಲ್ಲೇ ಸುಳಿದಾಡಬೇಕು, ಹೊರಟರೆ ಹೊರಡಬೇಕು. ಅದಕ್ಕಾಗಿ ಸ್ವರಲಿಪಿಯನ್ನೇ ಹೊಸದಾಗಿ ಹೊಂದಿಸಬೇಕಾಯಿತು. ಗಂಗಾಪೂಜೆಯ ವಾಲಗದವರನ್ನು ಕೇಳಿದ್ದರೆ, ಬಿಂದಿಗೆ ಹೊತ್ತವಳು ಎಲ್ಲಿದ್ದಾಳೆ ನೋಡಿಕೊಂಡು ಬಾರಿಸಿ ಎಂದಷ್ಟೇ ಅನ್ನುತ್ತಿದ್ದರೇನೋ.